ವೀಲಿಂಗ್: ಮುಂಚಕ್ರ ಏಳುವ ಲೆಕ್ಕ, ಇಳಿಯುವ ಲೆಕ್ಕ

ನನ್ನ ಬೈಕು ಸರ್ವೀಸಿಗೆಂದು ಬೀದಿಯ ಕೊನೆಯ ಗ್ಯಾರೇಜಿನಲ್ಲಿ ನಿಂತಿದ್ದ ಒಂದು ಮಧ್ಯಾಹ್ನ, ಪಕ್ಕದಲ್ಲಿ ಬಿಚ್ಚಿ ಹಾಕಿದ್ದ ಇನ್ನೊಂದು ಬೈಕಿನ ಕೋನ್‌ಸೆಟ್ಟನ್ನು ಮೆಕ್ಯಾನಿಕ್ ನನ್ನ ಅಂಗೈಗೆ ಹಾಕಿದರು. ಹ್ಯಾಂಡಲ್ ಸಲೀಸಾಗಿ ತಿರುಗಲೆಂದು ಮುಂಚಕ್ರವನ್ನು ಹಿಡಿದ ಫೋರ್ಕಿನ ಕುತ್ತಿಗೆಯಲ್ಲಿ ಸಣ್ಣ ಗುಂಡುಗಳ ಜೊತೆ ಕೂರುವ ಉಕ್ಕಿನ ಬಟ್ಟಲು ಅದು. ಕನ್ನಡಿಯಂತೆ ನುಣುಪಾಗಿರಬೇಕಾದ ಅದರ ಒಳಮೈಯಲ್ಲಿ, ಒಂದೊಂದು ಗುಂಡು ಕೂತಿದ್ದ ಕಡೆಯಲ್ಲೂ ಉಗುರಿಗೆ ಸಿಗುವಷ್ಟು ತಗ್ಗು ಬಿದ್ದಿತ್ತು. "ರಸ್ತೆ ಗುಂಡಿಗೆ ಬಿದ್ದು ಹೀಗಾಗಿದ್ದಲ್ಲ ಸಾರ್, ಎತ್ತಿ ಎತ್ತಿ ಕುಕ್ಕಿರೋದು" ಎಂದರು. ಆ ಬೈಕಿನ ಫೋರ್ಕಿನ ಆಯಿಲ್ ಸೀಲುಗಳೂ ಒಡೆದು ಎಣ್ಣೆ ಜಿನುಗಿತ್ತು, ಹಿಂದಿನ ನಂಬರ್ ಪ್ಲೇಟಿನ ಕೆಳ ಅಂಚು ಡಾಂಬರಿಗೆ ಉಜ್ಜಿ ಉಜ್ಜಿ ಬ್ಲೇಡಿನಂತೆ ತೆಳುವಾಗಿತ್ತು. ಬೈಕಿನ ಒಡೆಯನಿಗೆ ಮುಂಚಕ್ರವನ್ನು ಎತ್ತುವುದು ಚೆನ್ನಾಗಿ ಬರುತ್ತಿತ್ತು, ಇಳಿಸುವುದು ಮಾತ್ರ ಬರುತ್ತಿರಲಿಲ್ಲ ಎಂಬುದನ್ನು ಆ ಎರಡು ತುಂಡು ಲೋಹಗಳೇ ಹೇಳುತ್ತಿದ್ದವು.

ಇಂಗ್ಲಿಷಿನವರ 'ವೀಲಿ' ನಮ್ಮಲ್ಲಿ 'ವೀಲಿಂಗ್' ಆಗಿ ಎಷ್ಟೋ ಕಾಲವಾಯಿತು. ಅದನ್ನು ಮಾಡುವ ಹುಡುಗರಿಗೆ ಪತ್ರಿಕೆಗಳ ತಲೆಬರಹದಲ್ಲಿ 'ಪುಂಡರು' ಎಂಬ ಬಿರುದೂ ಖಾಯಂ ಆಗಿದೆ. ಮೆಚ್ಚುವವರೂ ಬಯ್ಯುವವರೂ ನೋಡುವುದು ಚಕ್ರ ಎಷ್ಟು ಎತ್ತರ ಎದ್ದಿತು ಎಂಬುದನ್ನೇ. ಅದು ಏಕೆ ಏಳುತ್ತದೆ, ಎದ್ದದ್ದು ಯಾವ ಘಳಿಗೆಯಲ್ಲಿ ಸವಾರನ ಕೈಮೀರುತ್ತದೆ, ಕೆಳಗೆ ಬರುವಾಗ ಏನಾಗುತ್ತದೆ ಎಂಬುದರ ಕಡೆಗೆ ಗಮನ ಹೋಗುವುದು ಅಪರೂಪ.

ಎತ್ತಿನ ಗಾಡಿಗೆ ಹೇರು ಹಾಕಿದವರಿಗೆ ಇದರ ಅರ್ಧ ವಿಷಯ ಈಗಾಗಲೇ ಗೊತ್ತಿರುತ್ತದೆ. ಮೂಟೆಗಳನ್ನು ಅಚ್ಚಿನ ಹಿಂದಕ್ಕೆ ಹೆಚ್ಚಾಗಿ ಒಟ್ಟಿದರೆ ಗಾಡಿ ಹಿಂಭಾರವಾಗಿ, ನೊಗ ಮೇಲೆದ್ದು, ಎತ್ತುಗಳ ಕೊರಳ ಹಗ್ಗ ಬಿಗಿಯುತ್ತದೆ. ಬೈಕಿನಲ್ಲಿ ಭಾರ ಹಿಂಚಕ್ರದ ಅಚ್ಚಿನ ಹಿಂದಕ್ಕೆ ಹೋಗುವುದಿಲ್ಲ, ಮುಂದೆಯೇ ಇರುತ್ತದೆ. ಮುಂಚಕ್ರವನ್ನು ಎತ್ತುವುದು ಇನ್ನೊಂದು ಬಲ. ಆಕ್ಸಿಲರೇಟರ್ ತಿರುವಿದಾಗ ಹಿಂಚಕ್ರ ನೆಲವನ್ನು ಹಿಂದಕ್ಕೆ ಒದೆಯುತ್ತದೆ, ನೆಲ ಬೈಕನ್ನು ಮುಂದಕ್ಕೆ ದೂಡುತ್ತದೆ. ಈ ದೂಡುವಿಕೆ ಬೀಳುವುದು ನೆಲಮಟ್ಟದಲ್ಲಿ. ಬೈಕು ಮತ್ತು ಸವಾರ ಸೇರಿದ ಭಾರಕೇಂದ್ರ ಇರುವುದು ಅದಕ್ಕಿಂತ ಎರಡು ಅಡಿಗೂ ಹೆಚ್ಚು ಮೇಲೆ. ನಿಂತವನ ಕಾಲಡಿಯ ಚಾಪೆಯನ್ನು ಯಾರಾದರೂ ಮುಂದಕ್ಕೆ ಎಳೆದರೆ ಅವನು ಹಿಂದಕ್ಕೆ ವಾಲುವಂತೆಯೇ ಬೈಕೂ ಹಿಂದಕ್ಕೆ ವಾಲಲು ನೋಡುತ್ತದೆ. ವಾಲದಂತೆ ತಡೆಯುವುದು ಅದರ ಸ್ವಂತ ತೂಕ. ಭಾರಕೇಂದ್ರ ಎತ್ತರದಲ್ಲಿದ್ದಷ್ಟೂ ವಾಲುವುದು ಸುಲಭ, ಹಿಂಚಕ್ರದಿಂದ ಮುಂದಕ್ಕೆ ದೂರವಿದ್ದಷ್ಟೂ ಕಷ್ಟ.

ಇದನ್ನು ಅಂಕಿಗಳಲ್ಲಿ ಇಟ್ಟು ನೋಡಬಹುದು. ಬೈಕು 140 ಕೆಜಿ, ಸವಾರ 60 ಕೆಜಿ, ಒಟ್ಟು 200 ಕೆಜಿ ಎಂದುಕೊಳ್ಳೋಣ. ಭಾರಕೇಂದ್ರ ಹಿಂಚಕ್ರ ನೆಲ ಮುಟ್ಟುವ ಜಾಗದಿಂದ 65 ಸೆಂಟಿಮೀಟರ್ ಮುಂದೆ, ನೆಲದಿಂದ 65 ಸೆಂಟಿಮೀಟರ್ ಮೇಲೆ ಇದೆ ಎನ್ನೋಣ. ಸಾಮಾನ್ಯ ಬೈಕುಗಳಲ್ಲಿ ಇದು ನಿಜಕ್ಕೆ ಹತ್ತಿರವಾದ ಅಳತೆಯೇ. ಎರಡೂ ಅಳತೆ ಸಮವಾಗಿರುವುದರಿಂದ, ಮುಂಚಕ್ರ ನೆಲ ಬಿಡಬೇಕಾದರೆ ಹಿಂಚಕ್ರದ ನೂಕುಬಲ ಒಟ್ಟು ತೂಕಕ್ಕೆ ಸಮನಾಗಿ 200 ಕೆಜಿಯಷ್ಟು ಇರಬೇಕಾಗುತ್ತದೆ. 8 ನ್ಯೂಟನ್ ಮೀಟರ್ ಆಸುಪಾಸಿನ ಟಾರ್ಕ್, ಅಂದರೆ ತಿರುಗಿಸುವ ಬಲ, ಇರುವ 100 ಸಿಸಿ ಬೈಕು ಮೊದಲ ಗೇರಿನಲ್ಲಿ ಕೊಡಬಲ್ಲದ್ದು ಹೆಚ್ಚೆಂದರೆ 80-90 ಕೆಜಿ ನೂಕುಬಲ. ತಾನೂ ಸವಾರನೂ ಸೇರಿ 170-180 ಕೆಜಿ ತೂಗುವ ಅಂಥ ಬೈಕಿಗೆ ಬೇಕಾದದ್ದರಲ್ಲಿ ಅರ್ಧ ಮಾತ್ರ ಇದು. ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುವವರ ಬೈಕು ತಾನಾಗಿ ಮುಂಗಾಲೆತ್ತದಿರುವುದು ಅದಕ್ಕೇ. 25 ಅಶ್ವಶಕ್ತಿಯ 200 ಸಿಸಿ ಬೈಕು ಮೊದಲ ಗೇರಿನಲ್ಲಿ 175 ಕೆಜಿ ಆಸುಪಾಸು ನೂಕುತ್ತದೆ, ಅಂದರೆ ಸ್ವಲ್ಪದರಲ್ಲಿ ಸಾಲದಾಗುತ್ತದೆ. ಈಗ ಸವಾರ ತನ್ನ ಸೀಟಿನಿಂದ 30 ಸೆಂಟಿಮೀಟರ್ ಹಿಂದಕ್ಕೆ, ಹಿಂಬದಿ ಸವಾರನ ಜಾಗಕ್ಕೆ ಸರಿದು ಕೂತ ಎನ್ನಿ. ಅವನ ಅರವತ್ತು ಕೆಜಿ ಹಿಂದಕ್ಕೆ ಹೋದದ್ದರಿಂದ ಇಡೀ ಬೈಕಿನ ಭಾರಕೇಂದ್ರ 9 ಸೆಂಟಿಮೀಟರ್ ಹಿಂದೆ ಬರುತ್ತದೆ, ಬೇಕಾದ ಬಲ 172 ಕೆಜಿಗೆ ಇಳಿಯುತ್ತದೆ. ವೀಲಿಂಗ್ ಮಾಡುವ ಹುಡುಗರು ಸೀಟಿನ ತುದಿಯಲ್ಲಿ ಕೂತು ಕೈ ನೀಡಿ ಹ್ಯಾಂಡಲ್ ಹಿಡಿದಿರುವುದು ಠೀವಿಗಾಗಿ ಮಾತ್ರವಲ್ಲ. ಈ ಲೆಕ್ಕವನ್ನು ಅವರ ಮೈ ಕಂಡುಕೊಂಡಿರುತ್ತದೆ.

ಇನ್ನೂ ಕೊರತೆ ಉಳಿದರೆ ಅದನ್ನು ತುಂಬಲು ಎರಡು ದಾರಿಗಳಿವೆ. ಒಂದು, ಆಕ್ಸಿಲರೇಟರನ್ನು ಒಮ್ಮೆ ಬಿಟ್ಟು ಮುಂದಿನ ಫೋರ್ಕ್ ಕುಗ್ಗುವಂತೆ ಮಾಡಿ, ಅದು ಮೇಲಕ್ಕೆ ಚಿಮ್ಮುವ ಹೊತ್ತಿಗೆ ಸರಿಯಾಗಿ ಮತ್ತೆ ತಿರುವುವುದು. ಇನ್ನೊಂದು ಕ್ಲಚ್ಚಿನದು. ಕ್ಲಚ್ ಹಿಡಿದು ಇಂಜಿನ್ನನ್ನು ಜೋರಾಗಿ ತಿರುಗಿಸಿ ತಟ್ಟನೆ ಬಿಟ್ಟಾಗ, ಇಂಜಿನ್ನಿನ ಆ ಕ್ಷಣದ ಬಲದ ಜೊತೆಗೆ ವೇಗವಾಗಿ ಸುತ್ತುತ್ತಿದ್ದ ಅದರ ಒಳಭಾಗಗಳಲ್ಲಿ ಕೂಡಿದ್ದ ಶಕ್ತಿಯೂ ಒಂದೇ ಏಟಿಗೆ ಚಕ್ರಕ್ಕೆ ಬರುತ್ತದೆ. ಕೊಡಲಿಯ ಕಾವನ್ನು ನೂಕಿದರೆ ಸೀಳದ ಕಟ್ಟಿಗೆ ಬೀಸಿ ಹೊಡೆದರೆ ಸೀಳುವ ಹಾಗೆ. ಕ್ಲಚ್ ಪ್ಲೇಟುಗಳು ಸುಟ್ಟು ಗ್ಯಾರೇಜಿಗೆ ಬರುವುದು ಈ ಏಟುಗಳಿಂದ.

ಬೆಂಗಳೂರಿನ ರಸ್ತೆಗಳಲ್ಲಿ ವೀಲಿಂಗ್ ಎಂದರೆ ಈಗ ಬೈಕಿಗಿಂತ ಹೆಚ್ಚಾಗಿ ಡಿಯೊದಂಥ ಸ್ಕೂಟರು. ಇಷ್ಟು ಕಡಿಮೆ ಶಕ್ತಿಯ ಗೇರಿಲ್ಲದ ಗಾಡಿ ಮುಂಗಾಲೆತ್ತುವುದು ಹೇಗೆ ಎಂದು ನಾನೂ ಬಹಳ ದಿನ ತಲೆ ಕೆರೆದುಕೊಂಡಿದ್ದೆ. ಸ್ಕೂಟರಿನಲ್ಲಿ ಇಂಜಿನ್ನು ಮಧ್ಯದಲ್ಲಿರದೆ ಹಿಂಚಕ್ರಕ್ಕೇ ಅಂಟಿಕೊಂಡಿರುತ್ತದೆ, ಪೆಟ್ರೋಲ್ ಟ್ಯಾಂಕೂ ಸೀಟಿನ ಕೆಳಗಿರುತ್ತದೆ. ಹೀಗಾಗಿ ಭಾರ ಮೊದಲೇ ಹಿಂದಿದೆ. ನೂರು ಕೆಜಿಗಿಂತ ಚೂರು ಹೆಚ್ಚು ತೂಗುವ ಗಾಡಿಯ ಮೇಲೆ 60 ಕೆಜಿಯ ಹುಡುಗ ಹಿಂದಕ್ಕೆ ಸರಿದರೆ ಭಾರಕೇಂದ್ರ ಬೈಕಿನಲ್ಲಿ ಸರಿದದ್ದಕ್ಕಿಂತಲೂ ಹೆಚ್ಚು ಸರಿಯುತ್ತದೆ. ಮೇಲಾಗಿ ಅವರು ಮುಂದಿನ ಮಡ್‌ಗಾರ್ಡನ್ನೂ ಪ್ಲಾಸ್ಟಿಕ್ ಹೊದಿಕೆಗಳನ್ನೂ ಬಿಚ್ಚಿ ಹಗುರ ಮಾಡಿರುತ್ತಾರೆ. ಕೊನೆಯ ಕೊರತೆಯನ್ನು ಹ್ಯಾಂಡಲ್ ಹಿಡಿದು ಮೈಯನ್ನೇ ಹಿಂದಕ್ಕೆ ಜಗ್ಗುವ ಜರ್ಕ್ ತುಂಬುತ್ತದೆ.

ಇಲ್ಲಿಯವರೆಗಿನದು ಸುಲಭದ ಭಾಗ. ಅಂಗಳದಲ್ಲಿ ಮಲಗಿರುವ ಉದ್ದನೆಯ ಏಣಿಯನ್ನು ಒಬ್ಬರೇ ಎತ್ತಿ ನಿಲ್ಲಿಸಿದ್ದನ್ನು ನೆನಪಿಸಿಕೊಳ್ಳಿ. ಮೊದಲು ಭಾರವೆನಿಸುತ್ತದೆ, ಏಳುತ್ತಾ ಹೋದಂತೆ ಹಗುರವಾಗುತ್ತದೆ, ನೆಟ್ಟಗೆ ನಿಂತಾಗ ಒಂದು ಬೆರಳು ಸಾಕೆನಿಸುತ್ತದೆ, ಆಮೇಲೆ ಕೂದಲೆಳೆಯಷ್ಟು ಆಚೆ ಹೋದರೆ ಹಿಡಿಯಲು ಸಾಧ್ಯವಾಗದಂತೆ ಆ ಕಡೆಗೆ ಬೀಳುತ್ತದೆ. ಬೈಕೂ ಹೀಗೆಯೇ. ಮುಂಚಕ್ರ ಎದ್ದಂತೆಲ್ಲ ಭಾರಕೇಂದ್ರ ಹಿಂಚಕ್ರದ ನೇರಕ್ಕೆ ಹತ್ತಿರವಾಗುತ್ತದೆ ಮತ್ತು ಇನ್ನಷ್ಟು ಮೇಲೇರುತ್ತದೆ, ಆದ್ದರಿಂದ ಎತ್ತಲು ಬೇಕಾದ ಬಲ ಕಡಿಮೆಯಾಗುತ್ತಾ ಹೋಗುತ್ತದೆ. ಸವಾರನ ಕೈ ಮಾತ್ರ ಆಕ್ಸಿಲರೇಟರನ್ನು ಮೊದಲಿನಷ್ಟೇ ತಿರುವಿ ಹಿಡಿದಿರುತ್ತದೆ. ನೆಲ ಬಿಡಿಸಲು ಸರಿಯಾಗಿದ್ದ ಬಲ ಮೂವತ್ತು ಡಿಗ್ರಿ ಎದ್ದ ಮೇಲೆ ವಿಪರೀತವಾಗುವುದರಿಂದ, ಬೈಕು ನಿಧಾನವಾಗಿ ಎದ್ದು ನಿಲ್ಲುವ ಬದಲು ಒಂದೇ ಸಮನೆ ವೇಗ ಪಡೆದು ತಲೆಯ ಮೇಲಕ್ಕೆ ಬರುತ್ತದೆ. ಹೊಸಬರು ಹಿಂದಕ್ಕೆ ಮಗುಚುವುದು ಧೈರ್ಯ ಹೆಚ್ಚಾಗಿ ಅಲ್ಲ, ಈ ಇಳಿಯುವ ಲೆಕ್ಕಕ್ಕೆ ತಕ್ಕಂತೆ ಕೈ ಸಡಿಲಿಸಲು ಬಾರದೆ. ಹ್ಯಾಂಡಲ್ಲಿಗೆ ಜೋತುಬಿದ್ದ ಕೈ, ಗಾಬರಿಯಲ್ಲಿ, ಆಕ್ಸಿಲರೇಟರನ್ನು ಇನ್ನೂ ತಿರುವಿಬಿಡುತ್ತದೆ.

ಭಾರಕೇಂದ್ರ ಹಿಂಚಕ್ರದ ನೇರ ಮೇಲೆ ಬರುವ ಕೋನವನ್ನು ಸಮತೋಲನದ ಬಿಂದು ಎನ್ನಬಹುದು. ಮೇಲಿನ ನಮ್ಮ ಅಳತೆಯ ಬೈಕಿಗೆ ಅದು ಸುಮಾರು 45 ಡಿಗ್ರಿ. ಆ ಬಿಂದುವಿನಲ್ಲಿ ಬೈಕನ್ನು ಎತ್ತಿ ಹಿಡಿಯಲು ಬಲವೇ ಬೇಡ, ಗಾಳಿಯ ತಡೆಯನ್ನು ಮೀರುವಷ್ಟು ಆಕ್ಸಿಲರೇಟರ್ ಸಾಕು. ನಿಜವಾಗಿ ಬಲ್ಲವರು ಇಲ್ಲಿಯೇ ಕೂತು, ಮುಂದಕ್ಕೆ ಬೀಳತೊಡಗಿದರೆ ಚೂರು ತಿರುವಿ, ಹಿಂದಕ್ಕೆ ವಾಲತೊಡಗಿದರೆ ಚೂರು ಬ್ರೇಕ್ ಒತ್ತಿ, ಒಂದೇ ವೇಗದಲ್ಲಿ ಸಾಗುತ್ತಾರೆ. ಅಮೆರಿಕದ ಡಗ್ ಡೊಮೊಕೊಸ್ 1984ರಲ್ಲಿ ಅಲಬಾಮಾದ ಟ್ಯಾಲಡೇಗಾ ರೇಸ್ ಟ್ರ್ಯಾಕಿನಲ್ಲಿ 145 ಮೈಲಿ, ಅಂದರೆ ಸುಮಾರು 233 ಕಿಲೋಮೀಟರ್, ಮುಂಚಕ್ರ ಇಳಿಸದೆ ಓಡಿಸಿದ್ದು ಹೀಗೆ. 1991ರಲ್ಲಿ ಜಪಾನಿನ ಯಾಸುಯುಕಿ ಕುಡೊ ಅದನ್ನು 331 ಕಿಲೋಮೀಟರಿಗೆ ಏರಿಸಿದರು. ಅವರು ಹತ್ತಿದ್ದು ಭಾರೀ ಶಕ್ತಿಯ ಬೈಕಲ್ಲ, ಬಂಡೆ ಕೊರಕಲುಗಳ ಮೇಲೆ ಸಮತೋಲನದಿಂದ ಹತ್ತಿಳಿಯಲು ಮಾಡಿದ ಹಗುರವಾದ ಟ್ರಯಲ್ಸ್ ಬೈಕು. ನಮ್ಮ ರಸ್ತೆಯಲ್ಲಿ ಇಂಜಿನ್ ಅರಚಿಸಿಕೊಂಡು ಹೋಗುವ ವೀಲಿಂಗಿನಲ್ಲಿ ಹೆಚ್ಚಿನವು ಈ ಬಿಂದುವನ್ನು ಮುಟ್ಟುವುದೇ ಇಲ್ಲ. ಅವು ಬಿಂದುವಿಗಿಂತ ಕೆಳಗೆ, ಬರಿಯ ವೇಗೋತ್ಕರ್ಷದ ಮೇಲೆ ತೇಲುತ್ತಿರುತ್ತವೆ. ಮೇಲೆ ಇರಬೇಕಾದರೆ ವೇಗ ಏರುತ್ತಲೇ ಇರಬೇಕು, ಗೇರಿನ ಶಕ್ತಿ ಮುಗಿದ ಕೂಡಲೇ ಚಕ್ರ ದೊಪ್ಪನೆ ಕೆಳಗೆ ಬರುತ್ತದೆ. ಗ್ಯಾರೇಜಿನ ಕೋನ್‌ಸೆಟ್ಟಿನಲ್ಲಿ ಕಂಡ ತಗ್ಗುಗಳು ಆ ದೊಪ್ಪನೆಯ ಗುರುತುಗಳು.

ಹಾಗಾದರೆ ಇಳಿಸುವುದು ಹೇಗೆ? ಹಿಂದಿನ ಬ್ರೇಕಿನಿಂದ. ಹಿಂಚಕ್ರ ನೆಲವನ್ನು ಹಿಂದಕ್ಕೆ ಒದ್ದಾಗ ಮುಂಭಾಗ ಏಳುವುದಾದರೆ, ಅದೇ ಚಕ್ರವನ್ನು ತಡೆದಾಗ ನೆಲದ ಬಲ ತಿರುಗುಮುರುಗಾಗಿ ಮುಂಭಾಗ ಕೆಳಗೆ ಬರುತ್ತದೆ. ಸಮತೋಲನದ ಬಿಂದುವನ್ನು ತುಸು ದಾಟಿದ ಬೈಕನ್ನೂ ಇದು ಮರಳಿ ತರಬಲ್ಲದು. ಆಕ್ಸಿಲರೇಟರ್ ಬಿಡುವುದರಿಂದ ಆಗದ ಕೆಲಸ ಇದು. ಆದ್ದರಿಂದ ಪ್ರದರ್ಶನದ ಸವಾರರನ್ನು ನೋಡುವಾಗ ಅವರ ಮುಂಚಕ್ರವನ್ನು ಬಿಟ್ಟು ಬಲಗಾಲನ್ನು ನೋಡಬೇಕು. ಪಾದದ ಮುಂಭಾಗ ಬ್ರೇಕ್ ಪೆಡಲಿನ ಮೇಲೆ ಸದಾ ಹಗುರವಾಗಿ ಕೂತಿರುತ್ತದೆ, ಹಾರ್ಮೋನಿಯಂ ನುಡಿಸುವವರ ಬೆರಳಿನಂತೆ ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡುತ್ತಿರುತ್ತದೆ. ಎಷ್ಟೋ ಜನ ಎಡಗೈ ಬೆರಳಿಗೂ ಹಿಂಬ್ರೇಕಿನ ಇನ್ನೊಂದು ಲಿವರ್ ಕೂರಿಸಿಕೊಂಡಿರುತ್ತಾರೆ. ಹಿಂದೆ ನೆಲಕ್ಕೆ ತಾಗಿ ಮಗುಚದಂತೆ ತಡೆಯುವ ಕಬ್ಬಿಣದ ಪಟ್ಟಿ, ಬಿದ್ದರೆ ಇಂಜಿನ್ ಒಡೆಯದಂತೆ ಕಾಯುವ ಪಂಜರ, ಕಡಿಮೆ ವೇಗದಲ್ಲಿ ಹೆಚ್ಚು ಹಿಡಿತ ಸಿಗಲೆಂದು ಹಿಂದೆ ಚೈನು ಕೂರುವ ದೊಡ್ಡ ಹಲ್ಲುಚಕ್ರ (ಸ್ಪ್ರಾಕೆಟ್), ಇವೆಲ್ಲ ಆ ಬೈಕಿಗೆ ಮಾಡಿದ ತಯಾರಿ. ಎಣ್ಣೆಯ ವಿಚಾರವನ್ನೂ ಅವರು ನೋಡಿಕೊಂಡಿರುತ್ತಾರೆ: ಬೈಕು ಬಹಳ ಹೊತ್ತು ಸೆಟೆದು ನಿಂತರೆ ಇಂಜಿನ್ನಿನ ತಳದ ಎಣ್ಣೆ ಹಿಂದಕ್ಕೆ ಹರಿದು, ಎಣ್ಣೆ ಹೀರುವ ಬಾಯಿಗೆ ಗಾಳಿ ಸಿಕ್ಕಿ, ಇಂಜಿನ್ ಒಣಗಿ ಹಿಡಿದುಕೊಳ್ಳಬಹುದು.

ಸ್ಕೂಟರ್ ಹುಡುಗರದ್ದು ಇದಕ್ಕೆ ತದ್ವಿರುದ್ಧ. 2019ರ ಏಪ್ರಿಲಿನಿಂದ 125 ಸಿಸಿವರೆಗಿನ ಹೊಸ ದ್ವಿಚಕ್ರ ವಾಹನಗಳಿಗೆ ಎರಡೂ ಚಕ್ರಗಳನ್ನು ಒಟ್ಟಿಗೆ ತಡೆಯುವ ಸಂಯುಕ್ತ ಬ್ರೇಕು ಅಥವಾ ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ಹಿಡಿದುಕೊಳ್ಳದಂತೆ ನೋಡಿಕೊಳ್ಳುವ ಎಬಿಎಸ್ ಕಡ್ಡಾಯವಾಗಿದೆ. ಸಂಯುಕ್ತ ಬ್ರೇಕಿನ ಸ್ಕೂಟರಿನಲ್ಲಿ ಎಡಗೈ ಬ್ರೇಕ್ ಹಿಡಿದರೆ ಹಿಂಚಕ್ರದ ಜೊತೆ ಗಾಳಿಯಲ್ಲಿರುವ ಮುಂಚಕ್ರವೂ ನಿಲ್ಲುತ್ತದೆ, ನಿಂತ ಚಕ್ರ ಓಡುವ ನೆಲವನ್ನು ಮುಟ್ಟಿದಾಗ ಹ್ಯಾಂಡಲ್ ಒದರುತ್ತದೆ. ಇದನ್ನು ಕಂಡುಕೊಂಡವರು ಮಾಡುವ ಉಪಾಯವೆಂದರೆ ಆ ಜೋಡಣೆಯ ಕೇಬಲ್ಲನ್ನೇ ಬಿಚ್ಚಿಹಾಕುವುದು. ಅಲ್ಲಿಗೆ ಮನೆಯವರು ಮರುದಿನ ತರಕಾರಿಗೆಂದು ಅದೇ ಸ್ಕೂಟರ್ ತೆಗೆದುಕೊಂಡು ಹೋಗುವಾಗಲೂ ಬ್ರೇಕಿನ ಬಲ ಮೊದಲಿನಂತಿರುವುದಿಲ್ಲ.

ಇಷ್ಟೆಲ್ಲ ಕಲಿತವನೂ ರಸ್ತೆಯಲ್ಲಿ ಇದನ್ನು ಮಾಡಬಾರದೆನ್ನಲು ಕಾರಣ ಸವಾರನ ಕೌಶಲದ ಕೊರತೆಯಲ್ಲ, ಎತ್ತಿದ ಭಾಗ ಯಾವುದು ಎಂಬುದು. ಬೈಕನ್ನು ತಿರುಗಿಸುವುದು ಮುಂಚಕ್ರ. ತಡೆಯುವ ಕೆಲಸದ ಬಹುಪಾಲು ಮಾಡುವುದೂ ಮುಂದಿನ ಬ್ರೇಕು. ಎರಡೂ ಗಾಳಿಯಲ್ಲಿದ್ದಾಗ ಅಂಗೈಯಷ್ಟೇ ಅಗಲದ ಹಿಂದಿನ ಟೈರಿನ ಗುರುತೊಂದೇ ನೆಲಕ್ಕಿರುವ ಸಂಬಂಧ. ಸೊಂಟ ವಾಲಿಸಿ ಮಂಡಿ ಚಾಚಿ ದಿಕ್ಕನ್ನು ನಿಧಾನವಾಗಿ ಬದಲಿಸಬಹುದೇ ಹೊರತು, ಎದುರಿಗೆ ನಾಯಿಯೋ ಮಗುವೋ ಬಂದರೆ ತಟ್ಟನೆ ಪಕ್ಕಕ್ಕೆ ಎಳೆಯಲು ಬಾರದು. ಬೈಕಿನ ಮೈಯೇ ಮುಂದಿನ ರಸ್ತೆಯನ್ನು ಮರೆಮಾಡಿರುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಎರಡು ಸೆಕೆಂಡಿನ ವೀಲಿಂಗಿನಲ್ಲಿ 28 ಮೀಟರ್ ರಸ್ತೆ, ಎದುರು ಬರುವವರ ನಂಬಿಕೆಯ ಮೇಲೆ ದಾಟಿಹೋಗುತ್ತದೆ. ಚಕ್ರ ಇಳಿಯುವಾಗ ತುಸು ಓರೆಯಾಗಿದ್ದರೂ ಹ್ಯಾಂಡಲ್ ಎಡಬಲಕ್ಕೆ ಬಡಿದಾಡಿ ಸವಾರನನ್ನು ಎಸೆಯುತ್ತದೆ.

ರೇಸಿನವರಿಗೆ ಈ ಚಂದದ ಮೇಲೆ ಮೋಹವಿಲ್ಲ ಎಂಬುದು ಅನೇಕರಿಗೆ ಅಚ್ಚರಿಯೆನಿಸಬಹುದು. ಮುಂಚಕ್ರ ಎದ್ದರೆ ಅದನ್ನು ಇಳಿಸಲು ಆಕ್ಸಿಲರೇಟರ್ ಸಡಿಲಿಸಲೇಬೇಕು, ಅಂದರೆ ವೇಗ ಕಳೆದುಕೊಳ್ಳಬೇಕು. ಕಳೆದ ಹತ್ತು ವರ್ಷಗಳಲ್ಲಿ ಮೋಟೋಜಿಪಿ ಬೈಕುಗಳ ಮೂತಿಗೆ ರೆಕ್ಕೆಗಳು ಬಂದದ್ದಕ್ಕೆ ಮುಂಭಾಗವನ್ನು ಗಾಳಿಯ ಬಲದಿಂದ ಕೆಳಗೆ ಒತ್ತುವುದು ಒಂದು ಮುಖ್ಯ ಕಾರಣ. ಡ್ರ್ಯಾಗ್ ರೇಸಿನ ಬೈಕುಗಳನ್ನು ಹಿಂದಕ್ಕೆ ಅಷ್ಟು ಉದ್ದ ಎಳೆದಿರುವುದೂ ಇದಕ್ಕೇ. ಯಮಹಾದ 2015ರ ಆರ್1ನಂಥ ದುಬಾರಿ ಬೈಕುಗಳಲ್ಲಿ ವಾಲಿಕೆಯನ್ನು ಅಳೆಯುವ ಸಾಧನವಿದ್ದು, ಮುಂಚಕ್ರ ಏಳುತ್ತಿದ್ದಂತೆ ಕಂಪ್ಯೂಟರೇ ಇಂಜಿನ್ನಿನ ಬಲವನ್ನು ತಗ್ಗಿಸುತ್ತದೆ. ಮಣ್ಣಿನ ಹಾದಿಯವರ ಮಾತು ಬೇರೆ. ದಿಮ್ಮಿ, ಕಾಲುವೆ, ಉಬ್ಬುಗಳ ಸಾಲು ದಾಟಲು ಮುಂಚಕ್ರವನ್ನು ಒಂದು ಗೇಣು ಎತ್ತುವುದು ಅಲ್ಲಿ ನಿತ್ಯದ ಅಗತ್ಯ, ಅದನ್ನು ಯಾರೂ ಸಾಹಸವೆಂದು ಕರೆಯುವುದಿಲ್ಲ.

ನಮ್ಮಲ್ಲಿ ಇದರ ಮೋಹ ರೀಲ್ಸ್ ಬಂದಮೇಲೆ ಹುಟ್ಟಿದ್ದೆಂದು ಹೇಳುವವರು ಆರ್‌ಎಕ್ಸ್ 100 ಅನ್ನು ಮರೆತಿರುತ್ತಾರೆ. 1985ರಿಂದ 1996ರವರೆಗೆ ಇಲ್ಲಿ ತಯಾರಾದ ಆ 98 ಸಿಸಿಯ ಟೂ ಸ್ಟ್ರೋಕ್ ಬೈಕು ನೂರು ಕೆಜಿ ಆಸುಪಾಸು ತೂಗುತ್ತಿತ್ತು, 11 ಅಶ್ವಶಕ್ತಿಯನ್ನು ಒಂದೇ ಏಟಿಗೆಂಬಂತೆ ಬಿಡುತ್ತಿತ್ತು. ಕಾಲೇಜಿನ ಗೇಟಿನೆದುರು ಅದರ ಮುಂಚಕ್ರ ಎದ್ದದ್ದನ್ನು ಕಂಡ ತಲೆಮಾರಿನವರೇ ಈಗ ತಂದೆಯರಾಗಿದ್ದಾರೆ. ಬದಲಾದದ್ದು ನೋಡುವವರ ಸಂಖ್ಯೆ. ಆಗ ಬಸ್‌ಸ್ಟಾಪಿನಲ್ಲಿ ನಿಂತ ಹತ್ತು ಜನ ನೋಡಿದರೆ ಮುಗಿಯುತ್ತಿತ್ತು. ಈಗ ಹಿಂದಿನ ಸ್ಕೂಟರಿನಲ್ಲಿ ಫೋನ್ ಹಿಡಿದ ಗೆಳೆಯನೊಬ್ಬ ಇರಲೇಬೇಕು, ಅವನಿಗೂ ಅಪಾಯ ಸಮಪಾಲು.

ಕಾನೂನಿನ ಕಡೆ ನೋಡಿದರೆ, 1988ರ ಮೋಟಾರು ವಾಹನ ಕಾಯ್ದೆಯಲ್ಲಿ ವೀಲಿಂಗ್ ಎಂಬ ಹೆಸರೇ ಇಲ್ಲ. ಪೊಲೀಸರು ಅಪಾಯಕಾರಿ ಚಾಲನೆಯ 184ನೇ ಸೆಕ್ಷನ್ ಹಾಕುತ್ತಾರೆ. 2019ರ ತಿದ್ದುಪಡಿಯ ನಂತರ ಮೊದಲ ತಪ್ಪಿಗೆ 1,000ದಿಂದ 5,000 ರೂಪಾಯಿ ದಂಡ ಅಥವಾ ಆರು ತಿಂಗಳಿಂದ ಒಂದು ವರ್ಷದ ಸೆರೆ, ಅಥವಾ ಎರಡೂ. ಜೊತೆಗೆ ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್ ಇದೆ, ಅದು ಅತಿವೇಗ ಮತ್ತು ಅಜಾಗರೂಕ ಚಾಲನೆಯದು. ಇವೆರಡಕ್ಕಿಂತ ಪೋಷಕರು ತಿಳಿದಿರಬೇಕಾದದ್ದು ಮೋಟಾರು ವಾಹನ ಕಾಯ್ದೆಯ 199ಎ ಸೆಕ್ಷನ್: ಗಾಡಿ ಓಡಿಸಿ ತಪ್ಪೆಸಗಿದವನು 18 ತುಂಬದವನಾದರೆ, ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆ ಮತ್ತು 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ವರ್ಷವಾಗುವವರೆಗೆ ಲೈಸೆನ್ಸ್ ಇಲ್ಲ. ಗಂಗಾವತಿಯ ಕಡೆಯ ಒಂದು ಪ್ರಕರಣದಲ್ಲಿ, ವೀಲಿಂಗ್ ತಡೆಯಲು ಹೋದ ಪೊಲೀಸರ ಮೇಲೆಯೇ ಹಲ್ಲೆ ನಡೆಸಿದ ಆರೋಪಿಗೆ 2025ರ ಮೇ ತಿಂಗಳಲ್ಲಿ ಹೈಕೋರ್ಟಿನ ಧಾರವಾಡ ಪೀಠ ಜಾಮೀನು ನಿರಾಕರಿಸಿತು. ದ್ವಿಚಕ್ರ ವಾಹನವನ್ನು ಒಂದೇ ಚಕ್ರದ ಮೇಲೆ ಓಡಿಸುತ್ತಾರೆಂದು ಕಾಯ್ದೆ ಬರೆದವರು ಊಹಿಸಿರಲಿಕ್ಕಿಲ್ಲ ಎಂಬ ಅರ್ಥದ ಮಾತು ಆ ಆದೇಶದಲ್ಲಿದೆ. ಈ ಚಾಳಿ ಪಟ್ಟಣ ದಾಟಿ ಹಳ್ಳಿಗೂ ಬಂದಿದೆ ಎಂದ ನ್ಯಾಯಾಲಯ, ಕಠಿಣ ಕಾನೂನು ತರುವಂತೆ ಸರ್ಕಾರಕ್ಕೆ ಹೇಳಿತು.

ಜನರ ಸಿಟ್ಟು ಕಾನೂನಿಗಿಂತ ಮುಂದೆ ಓಡಿದ ಉದಾಹರಣೆಯೂ ಇದೆ. 2024ರ ಆಗಸ್ಟಿನಲ್ಲಿ ನೆಲಮಂಗಲದ ಬಳಿ ತುಮಕೂರು ಹೆದ್ದಾರಿಯಲ್ಲಿ ವೀಲಿಂಗ್ ಮಾಡುತ್ತಿದ್ದವರ ಎರಡು ಸ್ಕೂಟರುಗಳನ್ನು ಸಾರ್ವಜನಿಕರು ಹಿಡಿದು ಮೇಲ್ಸೇತುವೆಯಿಂದ ಕೆಳಗೆ ಎಸೆದರು. ಆ ವಿಡಿಯೋಗೆ ಬಿದ್ದ ಚಪ್ಪಾಳೆಯನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ, ಒಪ್ಪಲಾರೆ. ಮೇಲ್ಸೇತುವೆಯ ಕೆಳಗಿನ ರಸ್ತೆಯಲ್ಲೂ ಜನ ಓಡಾಡುತ್ತಾರೆ. ಅಲ್ಲಿ ಸಿಟ್ಟಿಗೂ ವೀಲಿಂಗಿಗೂ ಇದ್ದ ಕುರುಡು ಒಂದೇ ಬಗೆಯದು.

ಮುಚ್ಚಿದ ಮೈದಾನದಲ್ಲಿ ಮಾಡಿದರೆ ಇದೇ ವಿದ್ಯೆಗೆ ಗೌರವವಿದೆ ಎಂಬುದಕ್ಕೆ ಬೆಂಗಳೂರಿನಲ್ಲೇ ಸಾಕ್ಷಿಯುಂಟು. ಇಲ್ಲಿನ ಸೇನಾ ಸೇವಾ ದಳದ ಟೊರ್ನಾಡೋಸ್ ತಂಡ 2017ರ ನವೆಂಬರಿನಲ್ಲಿ ಯಲಹಂಕ ವಾಯುನೆಲೆಯ ರನ್‌ವೇ ಮೇಲೆ ಒಂದೇ 500 ಸಿಸಿ ಎನ್‌ಫೀಲ್ಡಿನಲ್ಲಿ 58 ಜನರನ್ನು ಹೊತ್ತು ದಾಖಲೆ ಮಾಡಿತು. ಅದು ವೀಲಿಂಗ್ ಅಲ್ಲವಾದರೂ ಭಾರಕೇಂದ್ರದ ಲೆಕ್ಕವೇ. ಸಾಮಾನ್ಯ ಹುಡುಗನಿಗೆ ಅಂಥ ಜಾಗ ಸಿಗುವುದು ಕಷ್ಟ. ಪೂರ್ಣ ಪ್ರಮಾಣದ ರೇಸ್ ಟ್ರ್ಯಾಕ್ ಬೇಕೆಂದರೆ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈಗೋ ಕೊಯಮತ್ತೂರಿಗೋ ಹೋಗಬೇಕು, ಹೋಗಲು ಬೈಕಿನ ಬೆಲೆಗಿಂತ ಬೇರೆಯದೇ ಖರ್ಚು ಬೇಕು.

ಕ್ರಮವಾಗಿ ಕಲಿಸುವ ಕಡೆ ಮೊದಲ ಪಾಠ ಎತ್ತುವುದಲ್ಲ. ಹೆಲ್ಮೆಟ್, ಬೆನ್ನಿನ ಕವಚ, ಮಂಡಿ ಮೊಣಕೈ ಕಟ್ಟು, ಬೂಟು ಹಾಕಿಸಿ, ಖಾಲಿ ಜಾಗದಲ್ಲಿ ನಡಿಗೆಯ ವೇಗದಲ್ಲಿ ಮುಂಚಕ್ರವನ್ನು ಒಂದು ಗೇಣಷ್ಟೇ ಎತ್ತಿಸುತ್ತಾರೆ, ಎದ್ದ ತಕ್ಷಣ ಹಿಂಬ್ರೇಕ್ ಒತ್ತಿ ಇಳಿಸಲು ಹೇಳುತ್ತಾರೆ. ಎತ್ತು, ಒತ್ತು, ಇಳಿಸು. ಬ್ರೇಕಿನ ಮೇಲಿನ ಪಾದ ಯೋಚನೆಗಿಂತ ಮೊದಲು ಕೆಲಸ ಮಾಡುವವರೆಗೂ, ಬೇಕಾದರೆ ದಿನಗಟ್ಟಲೆ, ಇಷ್ಟೇ. ಕೆಲವೆಡೆ ಬೈಕನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿದು, ಮಗುಚಲು ಬಾರದಂತೆ ಮಾಡಿ, ಇದೇ ಅಭ್ಯಾಸ ಮಾಡಿಸುವ ಯಂತ್ರಗಳೂ ಇವೆ. ಈ ಹಂತದ ವಿಡಿಯೋ ಯಾರೂ ಹಾಕುವುದಿಲ್ಲ, ಏಕೆಂದರೆ ಅದರಲ್ಲಿ ನೋಡಲು ಏನೂ ಇರುವುದಿಲ್ಲ.